ಕ್ವೇಸಾರ್‌ಗಳನ್ನು ಗುರುತಿಸಿ ಎಣಿಸುವುದು ಹೇಗೆ?

ಕ್ವೇಸಾರ್ ಎಂದರೆ ದೈತ್ಯ ಕಪ್ಪುಕುಳಿಗೆ ಬೀಳುವ ಅನಿಲದಿಂದ ಪ್ರಖರವಾಗಿ ಬೆಳಗುವ, ಬಹು ದೂರದ ಗೆಲಾಕ್ಸಿಯೊಂದರ ಕೇಂದ್ರ. ದೂರದರ್ಶಕದಲ್ಲಿ ಅದು ಕೂಡ ನಕ್ಷತ್ರದಂತೆಯೇ ಒಂದು ಚುಕ್ಕೆ. ಆದ್ದರಿಂದ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಂದರೆ ಅದರ ರೋಹಿತವನ್ನು ಪಡೆದು, ಪರೀಕ್ಷಿಸಿದ ಮೇಲೆಯೇ ಲೆಕ್ಕಕ್ಕೆ ಸೇರಿಸಬೇಕು.

ಮೊದಲು ಒಂದನ್ನಾದರೂ ಕಣ್ಣಾರೆ ನೋಡಿ. ಏಪ್ರಿಲ್ ತಿಂಗಳ ಚಂದ್ರನಿಲ್ಲದ ರಾತ್ರಿ, ಬೆಂಗಳೂರಿನ ದೀಪಗಳಿಂದ ದೂರ ಹೋಗಿ, 11 ಗಂಟೆಯ ಸುಮಾರಿಗೆ 10 ಅಂಗುಲದ ದೂರದರ್ಶಕವನ್ನು ನೆತ್ತಿಯ ಸಮೀಪದಲ್ಲಿರುವ ಕನ್ಯಾ ರಾಶಿಗೆ ತಿರುಗಿಸಿ. ಈಟಾ ವರ್ಜಿನಿಸ್ ನಕ್ಷತ್ರದಿಂದ ಈಶಾನ್ಯಕ್ಕೆ ಸುಮಾರು 3.5 ಡಿಗ್ರಿ ಆಚೆ, ಒಳ್ಳೆಯ ನಕ್ಷೆಯ ನೆರವಿನಿಂದ, 3ಸಿ 273 ಎಂಬ ಮಂಕು ಚುಕ್ಕೆ ಸಿಗುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 200 ಕೋಟಿ ವರ್ಷಗಳಾಗಿವೆ.

3ಸಿ 273 ರೇಡಿಯೋ ಅಲೆಗಳನ್ನೂ ಹೊಮ್ಮಿಸುತ್ತದೆ. 1962ರಲ್ಲಿ ಚಂದ್ರನು ಈ ರೇಡಿಯೋ ಮೂಲವನ್ನು ಮರೆಮಾಡಿದ ಕ್ಷಣಗಳನ್ನು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ ಅಳೆದು ಅದರ ನೆಲೆಯನ್ನು ಖಚಿತಪಡಿಸಿಕೊಂಡರು. ಮರುವರ್ಷ ಖಗೋಳಶಾಸ್ತ್ರಜ್ಞ ಮಾರ್ಟೆನ್ ಶ್ಮಿಟ್ ಅದರ ರೋಹಿತದ ಒಗಟನ್ನು ಬಿಡಿಸಿದರು. ಅವರ ಲೆಕ್ಕವನ್ನು ನೀವೂ ಮಾಡಬಹುದು. ಪ್ರಯೋಗಾಲಯದಲ್ಲಿ ಜಲಜನಕದ ಒಂದು ಗೆರೆ 486.1 ನ್ಯಾನೊಮೀಟರ್‌ನಲ್ಲಿರುತ್ತದೆ, 3ಸಿ 273ರಲ್ಲಿ ಅದೇ ಗೆರೆ ಸುಮಾರು 563ರಲ್ಲಿದೆ. ಭಾಗಿಸಿದರೆ 1.158; ಒಂದನ್ನು ಕಳೆದರೆ ಉಳಿಯುವ 0.158 ಅದರ ಕೆಂಪು ಪಲ್ಲಟ, ಅಂದರೆ ಗೆರೆಗಳು ರೋಹಿತದ ಕೆಂಪು ಬದಿಗೆ ಸರಿದ ಪ್ರಮಾಣ. ಒಂದೇ ಗೆರೆಯನ್ನು ನಂಬಬೇಡಿ. 434ರ ಗೆರೆಯೂ ಅದೇ ಪ್ರಮಾಣದಲ್ಲಿ ಸರಿದು 502.6ರ ಬಳಿ ಕಾಣಿಸಬೇಕು. ಹೀಗೆ ಎರಡು ಗೆರೆಗಳು ತಾಳೆಯಾದಾಗ ಸಿಗುವ ಸಮಾಧಾನವೇ ಬೇರೆ.

ಮುಂದಿನ ಹೆಜ್ಜೆ ಆಯ್ಕೆಯದು. ಅತಿನೇರಳೆ ಬೆಳಕು ಹೆಚ್ಚಾಗಿರುವ, ಜಾಗ ಬಿಟ್ಟು ಕದಲದ ಚುಕ್ಕೆಗಳನ್ನು ಛಾಯಾಚಿತ್ರಗಳಿಂದ ಆರಿಸಿ, ಪ್ರತಿಯೊಂದರ ರೋಹಿತವನ್ನೂ ಪಡೆಯಬೇಕು. ನಮ್ಮ ಹೊಸಕೋಟೆಯಲ್ಲೇ ಕುಳಿತು ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ರೋಹಿತ ಹಿಡಿಯುವ ಉಪಕರಣವೂ ಅದರಲ್ಲಿದೆ.

ಬಣ್ಣವನ್ನಷ್ಟೇ ನೆಚ್ಚಿಕೊಂಡರೆ ಎಣಿಕೆ ತಪ್ಪುತ್ತದೆ. ಬಿಳಿ ಕುಬ್ಜ ನಕ್ಷತ್ರಗಳೂ ನೀಲಿಯಾಗಿರುತ್ತವೆ; ಕೆಂಪು ಪಲ್ಲಟ 2.7ರ ಆಸುಪಾಸಿನಲ್ಲಿರುವ ಕ್ವೇಸಾರ್‌ಗಳ ಬಣ್ಣ ಸಾಮಾನ್ಯ ನಕ್ಷತ್ರಗಳ ಬಣ್ಣದೊಡನೆ ಬೆರೆತುಹೋಗುತ್ತದೆ. ಧೂಳಿನ ಮರೆಯಲ್ಲಿರುವವು ಕೆಂಪಾಗಿ ಕಂಡು ಜರಡಿಯಿಂದ ಜಾರುತ್ತವೆ. ಸ್ಲೋನ್ ಎಂಬ ಆಕಾಶ ಸಮೀಕ್ಷೆಯ 2020ರ ಪಟ್ಟಿಯಲ್ಲಿ 7,50,414 ಕ್ವೇಸಾರ್‌ಗಳಿವೆ. ಅವುಗಳ ರೋಹಿತಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಅಭ್ಯಾಸಕ್ಕೆ ಅಲ್ಲಿಂದಲೇ ಹತ್ತನ್ನು ಆರಿಸಿಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಸಂಖ್ಯೆಯ ಪಕ್ಕದಲ್ಲೇ ಆಕಾಶದ ಎಷ್ಟು ಚದರ ಡಿಗ್ರಿಯಲ್ಲಿ, ಎಷ್ಟು ಮಂಕಾದ ಚುಕ್ಕೆಯವರೆಗೆ ಎಣಿಸಿದಿರಿ ಎಂಬುದನ್ನೂ ಬರೆದಿಡಿ. ಅದಿಲ್ಲದೆ ಒಬ್ಬರ ಎಣಿಕೆಯನ್ನು ಇನ್ನೊಬ್ಬರದರೊಡನೆ ಹೋಲಿಸಲಾಗದು.