ಹಳೆ ಎಸ್‌ಇಒ, ಹೊಸ ಎಸ್‌ಇಒ: ದಾವಣಗೆರೆ, ಚಿತ್ರದುರ್ಗದ ವ್ಯಾಪಾರಕ್ಕೆ ಯಾವುದು ಎಷ್ಟು ಬೇಕು

ವೆಬ್‌ಸೈಟಿಗೆ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಮೇಲೆ ಕಾಣುವಂತೆ ಮಾಡುವ ಕೆಲಸ, ಮಾಡಿಸಬೇಕು ಅಂತ ಹೊರಟವರಿಗೆ ಈಗ ಎರಡು ಬಗೆಯ ಮಾತು ಕೇಳುತ್ತದೆ. ಕೀವರ್ಡ್ (ಜನ ಹುಡುಕುವ ಪದ), ಬ್ಯಾಕ್‌ಲಿಂಕ್ (ಬೇರೆ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಲಿಂಕ್), ಮೊದಲ ಪುಟದ ಗ್ಯಾರಂಟಿ ಎನ್ನುವವರು ಒಂದು ಕಡೆ. ಗೂಗಲ್ ಹುಡುಕಾಟದ ಕಾಲ ಮುಗಿಯಿತು, ಇನ್ನೇನಿದ್ದರೂ ಎಐ ಎನ್ನುವವರು ಇನ್ನೊಂದು ಕಡೆ. ಯಾರ ಮಾತನ್ನೂ ಪೂರ್ತಿ ನಂಬಿ ದುಡ್ಡು ಸುರಿಯಬೇಡಿ. ಹಳೆ ಪದ್ಧತಿಯ ತಾಂತ್ರಿಕ ಕೆಲಸ ಇವತ್ತಿಗೂ ಬೇಕೇ ಬೇಕು, ಬಿಡಬೇಕಾದದ್ದು ಅದರ ಬರವಣಿಗೆಯ ಚಾಳಿಯನ್ನು. ಹೊಸ ಪದ್ಧತಿಯಲ್ಲಿ ನಿಜಕ್ಕೂ ಹೊಸದು ಒಂದೇ: ನಿಮ್ಮ ಅಂಗಡಿಗೆ ಮಾತ್ರ ಗೊತ್ತಿರುವ ವಿವರವನ್ನು ಗಿರಾಕಿಯೂ ಯಂತ್ರವೂ ಸುಲಭವಾಗಿ ಎತ್ತಿಕೊಳ್ಳುವಂತೆ ಬರೆದಿಡುವುದು.

ಮೊದಲು ಅಕ್ಷರ ಓದಲು ಬರುತ್ತದೆಯೇ ನೋಡಿ

ಕನ್ನಡ ಸೈಟುಗಳ ಮಟ್ಟಿಗೆ ಮೊದಲ ಪರೀಕ್ಷೆ ಇದು. ನಮ್ಮ ಕಡೆಯ ಎಷ್ಟೋ ಪುಟಗಳ ಮಾಹಿತಿ ಡಿಟಿಪಿ ಸೆಂಟರ್‌ನಿಂದ ಬಂದದ್ದು, ಅಂದರೆ ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿ ಟೈಪಾದದ್ದು. ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ. ಒಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸರ್ಚ್ ಎಂಜಿನ್ನಿಗೆ ಸಿಗುವುದು ಆ ರಾಶಿಯೇ.

ಪುಟದ ಒಂದು ಸಾಲನ್ನು ಕಾಪಿ ಮಾಡಿ ಗೂಗಲ್ ಹುಡುಕು ಪೆಟ್ಟಿಗೆಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಎಲ್ಲ ಯಂತ್ರಕ್ಕೂ ಓದಲು ಬರುವ ಯೂನಿಕೋಡ್, ಚಿಂತೆಯಿಲ್ಲ. ಗೊಂದಲದ ಚಿಹ್ನೆ ಬಂದರೆ ಆ ಪುಟವನ್ನು ಯೂನಿಕೋಡಿಗೆ ಪರಿವರ್ತಿಸುವವರೆಗೆ ಬೇರೆ ಯಾವ ಎಸ್‌ಇಒ ಕೆಲಸವೂ ವ್ಯರ್ಥ. ಪರಿವರ್ತಕ ಬಳಸಿದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು: ಅರ್ಕಾವತ್ತು ಜಾಗ ಬದಲಿಸುವುದು, ಒತ್ತಕ್ಷರ ಬಿಟ್ಟುಹೋಗುವುದು, ಅಂಕಿಗಳು ಕೆಡುವುದು ಸಾಮಾನ್ಯ. ದರಪಟ್ಟಿಯ ಪಿಡಿಎಫ್‌ಗೂ ಇದೇ ಪರೀಕ್ಷೆ ಮಾಡಿ. ಫ್ಲೆಕ್ಸ್ ಡಿಸೈನನ್ನೇ ಚಿತ್ರವಾಗಿ ಏರಿಸಿ ಅದರಲ್ಲೇ ವಿಳಾಸ, ಫೋನ್ ನಂಬರ್, ಬೆಲೆ ಎಲ್ಲ ಇಟ್ಟಿದ್ದರೆ ಅಷ್ಟನ್ನೂ ಪುಟದಲ್ಲಿ ಅಕ್ಷರವಾಗಿ ಬರೆಯಿರಿ.

ಪುಟದ ವಿಳಾಸ, ಅಂದರೆ ಯುಆರ್‌ಎಲ್, ಕನ್ನಡದಲ್ಲಿದ್ದರೂ ಗೂಗಲ್‌ಗೆ ತೊಂದರೆಯಿಲ್ಲ. ಆದರೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕುವಾಗ ಒಂದೊಂದು ಯೂನಿಕೋಡ್ ಅಕ್ಷರಸಂಕೇತ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳಬಹುದು. 'ದಾವಣಗೆರೆ' ಎಂಬ ಒಂದೇ ಪದ 72 ಚಿಹ್ನೆಯಷ್ಟು ಉದ್ದವಾಗುತ್ತದೆ. ಜನ ಅದನ್ನು ವೈರಸ್ ಲಿಂಕ್ ಅಂತ ತಿಳಿದು ಒತ್ತುವುದೇ ಇಲ್ಲ. ವಿಳಾಸ ರೋಮನ್ ಲಿಪಿಯಲ್ಲಿ ಚಿಕ್ಕದಾಗಿರಲಿ, ಶೀರ್ಷಿಕೆ ಮತ್ತು ಒಡಲು ಕನ್ನಡದಲ್ಲಿರಲಿ.

ಹಳೆಯದರಲ್ಲಿ ಬಿಸಾಡಬೇಕಾದದ್ದು

ಪುಟದ ಕೋಡಿನಲ್ಲಿ ಕೀವರ್ಡ್ ಪಟ್ಟಿ ತುಂಬುವ ಮೆಟಾ ಕೀವರ್ಡ್ಸ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ ಬಹಿರಂಗವಾಗಿ ಹೇಳಿದ್ದು 2009ರಲ್ಲಿ. ಇವತ್ತಿಗೂ ಅದನ್ನು ತುಂಬಿಸಲು ಬಿಲ್ ಹಾಕುವವರಿದ್ದಾರೆ. ತಿರುಳಿಲ್ಲದ ಪುಟಗಳನ್ನು ಕೆಳಗಿಳಿಸುವ ಪಾಂಡಾ ಎಂಬ ಗೂಗಲ್ ಬದಲಾವಣೆ 2011ರಲ್ಲಿ ಬಂತು, ಕೊಂಡ ಲಿಂಕುಗಳ ಮೇಲೆ ಕಣ್ಣಿಟ್ಟ ಪೆಂಗ್ವಿನ್ 2012ರಲ್ಲಿ. ಹಾಗಾಗಿ 'ಸಾವಿರ ಬ್ಯಾಕ್‌ಲಿಂಕ್ ಪ್ಯಾಕೇಜ್' ಬಂದರೆ ನಿರಾಕರಿಸಿ. ಅಂಥ ಲಿಂಕುಗಳನ್ನು ಬಹುಪಾಲು ಗೂಗಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೆಲವೊಮ್ಮೆ ಸೈಟಿನ ಮೇಲೆ ನೇರ ಕ್ರಮವೂ ಆಗುತ್ತದೆ. ಅದನ್ನು ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿ ಕಾಯುವ ಕಷ್ಟ ಯಾರಿಗೂ ಬೇಡ.

ಗೂಗಲ್ ಹುಡುಕಾಟಕ್ಕೆ 2019ರಲ್ಲಿ ಬಂದ ಬರ್ಟ್ ಎಂಬ ಭಾಷಾ ಮಾದರಿ ಅದೇ ಡಿಸೆಂಬರಿನಲ್ಲಿ ಕನ್ನಡವೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು. ಅಲ್ಲಿಂದ ಹುಡುಕಾಟ ಬಿಡಿ ಪದಕ್ಕಿಂತ ವಾಕ್ಯದ ಅರ್ಥದ ಕಡೆ ಇನ್ನಷ್ಟು ವಾಲಿತು. ಇಂಗ್ಲಿಷಿನಲ್ಲಿ ದಾವಣಗೆರೆಯನ್ನು ಎರಡು ಥರ ಬರೆಯುತ್ತಾರಲ್ಲ, ಹಿಂದೆ ಒಂದೊಂದು ಸ್ಪೆಲ್ಲಿಂಗಿಗೂ ಒಂದೊಂದು ಪುಟ ಮಾಡುತ್ತಿದ್ದರು. ಈಗ ಅದು ಬೇಡ, ಒಂದೇ ಗಟ್ಟಿ ಪುಟ ಸಾಕು.

ಟೈಟಲ್ ಟ್ಯಾಗ್, ಅಂದರೆ ಹುಡುಕಾಟದಲ್ಲಿ ಕಾಣುವ ಪುಟದ ಶೀರ್ಷಿಕೆ, ಮಾತ್ರ ಹಳೆಯದಾದರೂ ಬಿಡುವಂತಿಲ್ಲ. ಫಲಿತಾಂಶದಲ್ಲಿ ಅದು ಅಕ್ಷರದ ಎಣಿಕೆಯಿಂದ ಅಲ್ಲ, ಅಗಲದಿಂದ ತುಂಡಾಗುತ್ತದೆ. ಕನ್ನಡ ಅಕ್ಷರ ಅಗಲ. ಆದ್ದರಿಂದ ಸರಕು ಮತ್ತು ಊರು ಮೊದಲ ನಾಲ್ಕೈದು ಪದದೊಳಗೇ ಬರಲಿ, ಅಂಗಡಿಯ ಹೆಸರು ಕೊನೆಗಿರಲಿ. 'ಸುಸ್ವಾಗತ' ಎಂದು ಶುರುವಾಗುವ ಟೈಟಲ್ ಇದ್ದರೆ ಇವತ್ತೇ ಬದಲಿಸಿ.

ಒಂದೇ ಪುಟ, ಎರಡು ಬಗೆ

ಚಿತ್ರದುರ್ಗದಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆ ಮಾರುವ ಅಂಗಡಿ ಅಂತ ಇಟ್ಟುಕೊಳ್ಳಿ. ಹಳೆ ಪದ್ಧತಿಯ ಪುಟ ಹೀಗಿರುತ್ತದೆ: 'ಮೊಳಕಾಲ್ಮೂರು ಸೀರೆ ಹುಡುಕುತ್ತಿದ್ದೀರಾ? ನಮ್ಮಲ್ಲಿ ಅತ್ಯುತ್ತಮ ಮೊಳಕಾಲ್ಮೂರು ಸೀರೆ, ಕಡಿಮೆ ಬೆಲೆಯ ಮೊಳಕಾಲ್ಮೂರು ಸೀರೆ ಲಭ್ಯ. ಮೊಳಕಾಲ್ಮೂರು ಸೀರೆಗೆ ಇಂದೇ ಭೇಟಿ ಕೊಡಿ.' ಪದ ನಾಲ್ಕು ಸಲ ಬಂತು, ವಿಷಯ ಒಂದೂ ಬರಲಿಲ್ಲ.

ಕೌಂಟರಿಗೆ ಬಂದವರು ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಟ್ಟುಕೊಂಡು ಪುಟ ಕಟ್ಟಿದರೆ ಬೇರೆಯೇ ಆಗುತ್ತದೆ. ಕೈಮಗ್ಗದ್ದೋ ಪವರ್‌ಲೂಮಿನದ್ದೋ? ಸಿಲ್ಕ್ ಮಾರ್ಕ್ ಲೇಬಲ್ ಇದೆಯೋ? ಝರಿ ಯಾವುದು? ಬ್ಲೌಸ್ ಪೀಸ್ ಸೇರಿ ಉದ್ದ ಎಷ್ಟು, ತೂಕ ಎಷ್ಟು ಗ್ರಾಂ? ಅಂಚು ಒಡಲಿನ ಬಣ್ಣದ್ದೋ ಬೇರೆಯೋ? ಹೇಳಿ ನೇಯಿಸಿದರೆ ಎಷ್ಟು ದಿನ? ಮನೆಯಲ್ಲಿ ಒಗೆಯಬಹುದೋ, ಡ್ರೈ ಕ್ಲೀನ್ ಮಾತ್ರವೋ? ಪ್ರತಿ ಪ್ರಶ್ನೆಯನ್ನೂ ಉಪಶೀರ್ಷಿಕೆ ಮಾಡಿ. ಅದರ ಕೆಳಗಿನ ಮೊದಲ ವಾಕ್ಯದಲ್ಲೇ ನೇರ ಉತ್ತರ ಕೊಡಿ, ವಿವರಣೆ ಆಮೇಲೆ ಬರಲಿ. ಹೀಗೇಕೆಂದರೆ ಎಐ ಉತ್ತರಗಳು ಇಡೀ ಪುಟವನ್ನಲ್ಲ, ಪ್ರಶ್ನೆಗೆ ಹೊಂದುವ ತುಣುಕನ್ನು ಎತ್ತಿಕೊಳ್ಳುತ್ತವೆ. 'ಇದು', 'ಮೇಲೆ ಹೇಳಿದಂತೆ' ಎಂದು ಶುರುವಾಗುವ ತುಣುಕು ಒಂಟಿಯಾಗಿ ನಿಲ್ಲುವುದಿಲ್ಲ. 'ಮೊಳಕಾಲ್ಮೂರು ಕೈಮಗ್ಗದ ಸೀರೆ ಹೇಳಿ ನೇಯಿಸಲು ನಮ್ಮಲ್ಲಿ ಇಷ್ಟು ದಿನ ಬೇಕು' ಎಂಬ ವಾಕ್ಯ ಎಲ್ಲಿಗೆ ಎತ್ತಿಟ್ಟರೂ ಅರ್ಥವಾಗುತ್ತದೆ.

ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ ಎಂಬ ಸಂಗತಿಯನ್ನು ಯಾರು ಬೇಕಾದರೂ ಬರೆಯಬಹುದು, ಎಐ ಅದನ್ನು ಎಲ್ಲಿಂದಾದರೂ ತರುತ್ತದೆ. ನಿಮ್ಮ ತಕ್ಕಡಿಯಲ್ಲಿ ತೂಗಿದ ಸೀರೆಯ ತೂಕ, ಸೆರಗಿನ ಹಿಂಬದಿಯ ಹತ್ತಿರದ ಫೋಟೊ, ಇವತ್ತಿನ ಬೆಲೆ ನಿಮ್ಮ ಪುಟದಲ್ಲಿ ಮಾತ್ರ ಸಿಗುತ್ತವೆ. ಪುಟದ ಬೆಲೆ ಅಲ್ಲೇ ಇದೆ. 2022ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆಯ ಜೊತೆ 'ಅನುಭವ'ವನ್ನೂ ಸೇರಿಸಿದ್ದು ಇಂಥ ನೇರ ತಿಳಿವಳಿಕೆಯನ್ನು ಗುರುತಿಸಲು.

ಸ್ಕೀಮಾ ಮಾರ್ಕಪ್ (ಪುಟದ ವಿವರವನ್ನು ಯಂತ್ರಕ್ಕೆ ತಿಳಿಸುವ ಕೋಡ್) ಇಷ್ಟು ಸಾಕು: ಜೇಸನ್-ಎಲ್‌ಡಿ ಎಂಬ ಕೋಡ್ ರೂಪದಲ್ಲಿ ಅಂಗಡಿಗೆ ಲೋಕಲ್ ಬಿಸಿನೆಸ್, ಸರಕಿಗೆ ಪ್ರಾಡಕ್ಟ್ ಮತ್ತು ಆಫರ್, ಬೆಲೆ ರೂಪಾಯಿಯಲ್ಲಿ, ಜೊತೆಗೆ ಸ್ಟಾಕ್ ಇದೆಯೋ ಇಲ್ಲವೋ. ಮಾರ್ಕಪ್‌ನಲ್ಲಿರುವ ಬೆಲೆ ಪುಟದಲ್ಲಿ ಕಾಣುವ ಬೆಲೆಯೇ ಆಗಿರಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದೇ ಇಲ್ಲಿ ಪದೇ ಪದೇ ಆಗುವ ಎಡವಟ್ಟು. ಪ್ರಶ್ನೋತ್ತರದ ಎಫ್‌ಎಕ್ಯೂ ಮಾರ್ಕಪ್‌ಗೆ ಬೇರೆ ಹಣ ಕೊಡಬೇಡಿ: 2023ರ ಆಗಸ್ಟಿನಲ್ಲೇ ಗೂಗಲ್ ಹುಡುಕಾಟದಲ್ಲೇ ಪ್ರಶ್ನೋತ್ತರ ತೋರಿಸುವ ಆ ವಿಶೇಷ ಫಲಿತಾಂಶವನ್ನು ಸರ್ಕಾರಿ ಮತ್ತು ಆರೋಗ್ಯದ ಹೆಸರಾಂತ ಸೈಟುಗಳಿಗೆ ಸೀಮಿತಗೊಳಿಸಿತು.

ತಾಲ್ಲೂಕಿಗೊಂದು ಪುಟ ಮಾಡುವವರಿಗೆ

ದಾವಣಗೆರೆಯ ಡ್ರಿಪ್ ನೀರಾವರಿ ಡೀಲರ್ ಒಬ್ಬರು ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗೆ ಒಂದೊಂದು ಪುಟ ಬೇಕು ಎನ್ನುತ್ತಾರೆ. ಒಂದೇ ಬರಹದಲ್ಲಿ ಊರಿನ ಹೆಸರು ಮಾತ್ರ ಬದಲಿಸಿ ಐದು ಪುಟ ಮಾಡುವುದು ಹಳೆ ದಾರಿ. ಗೂಗಲ್ ಇದನ್ನು ಡೋರ್‌ವೇ ಪುಟ ಎಂದು ಕರೆದು ಸ್ಪ್ಯಾಮ್ ನೀತಿಯಲ್ಲೇ ನಿಷೇಧಿಸಿದೆ. ಎಐಯಿಂದ ಐನೂರು ಪುಟ ಬರೆಸಿ ಸುರಿದರೂ ಅಷ್ಟೇ: 2024ರ ಮಾರ್ಚಿನ ನೀತಿ ಪ್ರಕಾರ, ರ‍್ಯಾಂಕಿಂಗ್ ಗಿಟ್ಟಿಸಲೆಂದೇ ರಾಶಿ ರಾಶಿ ಪುಟ ಮಾಡಿದರೆ ಅದು ಮನುಷ್ಯ ಬರೆದದ್ದೋ ಯಂತ್ರ ಬರೆದದ್ದೋ ಎಂಬುದು ಮುಖ್ಯವಲ್ಲ, ತಪ್ಪು ತಪ್ಪೇ.

ತಾಲ್ಲೂಕು ಪುಟ ಬೇಕೇ ಬೇಕೆಂದರೆ ಆ ತಾಲ್ಲೂಕಿನ ಬೆಳೆಯಿಂದ ಶುರು ಮಾಡಿ. ಚನ್ನಗಿರಿ ಪುಟದಲ್ಲಿ ಅಡಿಕೆ ತೋಟ: ಗಿಡದ ಅಂತರ, ಗಿಡಕ್ಕೆ ಎಷ್ಟು ಡ್ರಿಪ್ಪರ್, ಎಕರೆಗೆ ಎಷ್ಟು ಲ್ಯಾಟರಲ್ ಪೈಪ್. ಜಗಳೂರು ಪುಟದಲ್ಲಿ ಕಡಿಮೆ ನೀರಿನ ಬೋರ್‌ವೆಲ್: ಎಷ್ಟು ಇಂಚು ನೀರಿಗೆ ಎಷ್ಟು ಎಕರೆ, ಫಿಲ್ಟರ್ ಯಾವುದು. ಹೊಸದಾಗಿ ಬರೆಯಲು ಏನೂ ಇಲ್ಲದ ತಾಲ್ಲೂಕಿಗೆ ಪುಟವೇ ಬೇಡ. 'ನಾವು ಸರ್ವಿಸ್ ಕೊಡುವ ಊರುಗಳು' ಎಂಬ ಒಂದು ಸಾಲು ಸಾಕು.

ಮ್ಯಾಪಿನಲ್ಲಿ ಕಾಣುವುದು

ಬೆಣ್ಣೆ ದೋಸೆ ಹೋಟೆಲಿಗೆ, ಕೋಟೆ ನೋಡಲು ಬಂದವರು ಹುಡುಕುವ ಲಾಡ್ಜಿಗೆ ವೆಬ್‌ಸೈಟಿಗಿಂತ ಗೂಗಲ್ ಬಿಸಿನೆಸ್ ಪ್ರೊಫೈಲ್ ಮುಖ್ಯ. ಸ್ಥಳೀಯ ಫಲಿತಾಂಶಕ್ಕೆ ಗೂಗಲ್ ನೋಡುವುದು ಮೂರು: ಹುಡುಕಿದ್ದಕ್ಕೆ ಹೊಂದಿಕೆ, ದೂರ, ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ, ಉಳಿದೆರಡು ಇವೆ. ಮುಖ್ಯ ಕ್ಯಾಟಗರಿ ಸರಿಯಾಗಿರಲಿ. ಹಬ್ಬದ ದಿನದ ಸಮಯವನ್ನು ವಿಶೇಷ ಸಮಯದಲ್ಲಿ ಮುಂಚೆಯೇ ಹಾಕಿ. 'ತೆರೆದಿದೆ' ಅಂತ ನೋಡಿ ಬಂದು ಬಾಗಿಲು ಮುಚ್ಚಿದ್ದರೆ ಬರುವ ಒಂದು ಸ್ಟಾರ್ ಅಳಿಸುವುದು ಕಷ್ಟ. ಮೆನು ಕಾರ್ಡಿನ ಸ್ಪಷ್ಟ ಫೋಟೊ ಬೆಲೆ ಸಮೇತ ಇರಲಿ.

ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ ಇರಬೇಕು. 'ಬೆಸ್ಟ್ ಬೆಣ್ಣೆ ದೋಸೆ ಇನ್ ದಾವಣಗೆರೆ' ಅಂತ ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು, ಮತ್ತೆ ತೆರೆಸಲು ಲೈಸೆನ್ಸ್, ಕರೆಂಟ್ ಬಿಲ್ಲಿನಂಥ ದಾಖಲೆ ಕೇಳುತ್ತಾರೆ. ವಿಳಾಸದಲ್ಲಿ ಗುರುತಿನ ಜಾಗ ಬರೆಯಿರಿ. 'ಪಿ.ಬಿ. ರಸ್ತೆ' ಎಂದಷ್ಟೇ ಇದ್ದರೆ ಎಲ್ಲಿ ಅಂತ ಹುಡುಕುವುದು? ಯಾವ ವೃತ್ತದ ಬಳಿ, ಯಾವುದರ ಎದುರು ಎಂಬುದು ವೆಬ್‌ಸೈಟ್, ಪ್ರೊಫೈಲ್, ಬಿಲ್ ಬುಕ್ ಮೂರರಲ್ಲೂ ಒಂದೇ ರೀತಿ ಇರಲಿ. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ ಕೊಡುವುದು ನಿಯಮಬಾಹಿರ. 'ಏನು ತಿಂದಿರಿ, ಹೇಗಿತ್ತು ಬರೀರಿ' ಎಂದು ಕೇಳಿ, ಮಾತಿಲ್ಲದ ಐದು ಸ್ಟಾರಿಗಿಂತ ಖಾಲಿ ದೋಸೆ, ಮಂಡಕ್ಕಿ, ಮಿರ್ಚಿಯ ಹೆಸರಿರುವ ಎರಡು ಸಾಲು ಹೊಂದಿಕೆಗೆ ಹೆಚ್ಚು ಉಪಯೋಗ.

ಎಐ ಕ್ರಾಲರ್‌ಗೆ ಬಾಗಿಲು ತೆರೆದಿದೆಯೇ

ಗೂಗಲ್‌ನ ಎಐ ಓವರ್‌ವ್ಯೂ, ಅಂದರೆ ಹುಡುಕಿದಾಗ ಫಲಿತಾಂಶದ ಜೊತೆ ಕಾಣುವ ಎಐ ಉತ್ತರ, ಭಾರತಕ್ಕೆ ಬಂದದ್ದು 2024ರ ಆಗಸ್ಟಿನಲ್ಲಿ, ಮೊದಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದರಲ್ಲಿ ಸೇರಲು ವಿಶೇಷ ಫೈಲ್, ವಿಶೇಷ ಮಾರ್ಕಪ್ ಏನೂ ಬೇಡ ಎಂದು ಗೂಗಲ್ ಹೇಳಿದೆ. ಪುಟ ಇಂಡೆಕ್ಸ್ ಆಗಿರಬೇಕು (ಗೂಗಲ್ ಪಟ್ಟಿಗೆ ಸೇರಿರಬೇಕು), ತುಣುಕು ತೋರಿಸಲು ಅನುಮತಿ ಇರಬೇಕು, ಅಷ್ಟೇ. ಆದ್ದರಿಂದ 'ಎಐ ಎಸ್‌ಇಒ ಫೈಲ್' ಹೆಸರಿನಲ್ಲಿ ಹಣ ಕೇಳಿದರೆ ಯಾವ ಸರ್ಚ್ ಎಂಜಿನ್ ಅದನ್ನು ಬಳಸುತ್ತದೆ ಎಂದು ಕೇಳಿ.

ಪುಟ ಓದಿಕೊಂಡು ಹೋಗುವ ಯಂತ್ರಗಳಿಗೆ, ಅಂದರೆ ಕ್ರಾಲರ್‌ಗಳಿಗೆ, ಯಾರಿಗೆ ಪ್ರವೇಶ ಯಾರಿಗೆ ತಡೆ ಎಂದು ಹೇಳುವ ರೋಬೋಟ್ಸ್ ಫೈಲಿನಲ್ಲಿ ಗೊಂದಲ ಜಾಸ್ತಿ. ಜಿಪಿಟಿಬಾಟ್ ತಡೆದರೆ ಓಪನ್‌ಎಐ ತನ್ನ ಮಾದರಿಯ ತರಬೇತಿಗೆ ನಿಮ್ಮ ಪುಟ ಬಳಸುವುದಿಲ್ಲ. ಚಾಟ್‌ಜಿಪಿಟಿ ಹುಡುಕಾಟದಲ್ಲಿ ಕಾಣಬೇಕೆಂದರೆ ಓಎಐ-ಸರ್ಚ್‌ಬಾಟ್ ತಡೆಯಬಾರದು. ಜೆಮಿನೈ ತರಬೇತಿಗೆ ಸಂಬಂಧಿಸಿದ ಗೂಗಲ್-ಎಕ್ಸ್‌ಟೆಂಡೆಡ್ ತಡೆದರೆ ಗೂಗಲ್ ಹುಡುಕಾಟದ ಸ್ಥಾನ ಬದಲಾಗುವುದಿಲ್ಲ, ಎಐ ಓವರ್‌ವ್ಯೂದಿಂದ ಹೊರಬರುವುದೂ ಇಲ್ಲ. ಹೊರಬರಲು ಪುಟದಲ್ಲಿ ನೋಸ್ನಿಪೆಟ್, ಅಂದರೆ ತುಣುಕು ತೋರಿಸಬೇಡ ಎಂಬ ಸೂಚನೆ, ಹಾಕಬೇಕು. ಹಾಕಿದರೆ ಮಾಮೂಲಿ ಫಲಿತಾಂಶದ ವಿವರಣೆಯೂ ಹೋಗುತ್ತದೆ, ಅಂಗಡಿಗೆ ಅದು ನಷ್ಟವೇ. ಸೈಟಿನ ರಕ್ಷಣೆಗೆ, ವೇಗಕ್ಕೆ ಕ್ಲೌಡ್‌ಫ್ಲೇರ್ ಸೇವೆ ಬಳಸುವವರು ಇನ್ನೊಂದು ನೋಡಬೇಕು: 2025ರ ಜುಲೈನಿಂದ ಹೊಸ ಡೊಮೇನ್‌ಗಳಲ್ಲಿ ಎಐ ಕ್ರಾಲರ್‌ಗಳನ್ನು ತಡೆಯುವುದೇ ಅಲ್ಲಿನ ಮೂಲ ಆಯ್ಕೆ. ನಿಮಗೆ ಗೊತ್ತಿಲ್ಲದೆಯೇ ಬಾಗಿಲು ಹಾಕಿರಬಹುದು.

ಹಲವು ಎಐ ಕ್ರಾಲರ್‌ಗಳು ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ, ಅಂದರೆ ಬ್ರೌಸರ್ ಆಮೇಲೆ ತುಂಬುವ ಭಾಗ ಅವಕ್ಕೆ ಕಾಣುವುದಿಲ್ಲ. ಬ್ರೌಸರ್‌ನಲ್ಲಿ ವ್ಯೂ ಪೇಜ್ ಸೋರ್ಸ್ ತೆರೆದು, ಕಂಟ್ರೋಲ್ ಮತ್ತು ಎಫ್ ಒತ್ತಿ, ನಿಮ್ಮ ಬೆಲೆಯನ್ನೋ ಫೋನ್ ನಂಬರನ್ನೋ ಹುಡುಕಿ. ಸಿಗದಿದ್ದರೆ ಅವಕ್ಕೂ ಸಿಗುವುದಿಲ್ಲ. ಡೆವಲಪರ್‌ಗೆ ಆ ಭಾಗವನ್ನು ಸರ್ವರ್‌ನಿಂದಲೇ ಕಳಿಸಲು ಹೇಳಿ.

ವೇಗದ ಮಾತು ಚಿಕ್ಕದು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ತೆರೆಯುವಾಗ ಪುಟ ಅಲುಗಾಡುವುದರ ಅಂಕ 0.1 ದಾಟಬಾರದು. ನಮ್ಮ ಸೈಟುಗಳು ಸೋಲುವುದು ಫೋಟೊದಲ್ಲಿ: ಐದು ಎಂಬಿಯ ಚಿತ್ರವನ್ನು 1200 ಪಿಕ್ಸೆಲ್ ಅಗಲದ ವೆಬ್‌ಪಿ (ಹಗುರ ಚಿತ್ರರೂಪ) ಮಾಡಿ 150 ಕೆಬಿ ಆಸುಪಾಸಿಗೆ ತನ್ನಿ, ಅಗಲ ಎತ್ತರ ಎರಡನ್ನೂ ಕೋಡಿನಲ್ಲಿ ಬರೆಯಿರಿ. ಕನ್ನಡ ವೆಬ್ ಫಾಂಟ್ ಒಂದೇ ಸಾಕು, ದಪ್ಪ ತೆಳು ಎರಡು ಬಗೆ ಮೀರದಿರಲಿ.

ಅಳೆಯುವುದು

'ಯಾವ ನಂಬರಿನಲ್ಲಿದ್ದೇವೆ' ಎಂಬ ಹಳೆ ಪ್ರಶ್ನೆಗೆ ಈಗ ಒಂದೇ ಉತ್ತರವಿಲ್ಲ. ಹುಡುಕಾಟದ ಲೆಕ್ಕ ತೋರಿಸುವ ಗೂಗಲ್ ಸಾಧನ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ. ಮದುವೆ ಸೀಸನ್ನಿನ ಸೀರೆ ವ್ಯಾಪಾರವನ್ನು ಆಷಾಢದ ಜೊತೆ ಹೋಲಿಸಿದರೆ ತಪ್ಪು ತೀರ್ಮಾನವೇ ಬರುವುದು. ವರದಿ ಉಳಿಯುವುದು 16 ತಿಂಗಳು ಮಾತ್ರ, ಹಾಗಾಗಿ ತಿಂಗಳಿಗೊಮ್ಮೆ ಶೀಟಿಗೆ ಇಳಿಸಿಟ್ಟುಕೊಳ್ಳಿ. ಇಂಪ್ರೆಷನ್ (ಫಲಿತಾಂಶದಲ್ಲಿ ಪುಟ ಕಂಡ ಎಣಿಕೆ) ಹೆಚ್ಚಿ ಕ್ಲಿಕ್ ಇಳಿದ ಪ್ರಶ್ನೆಗಳಲ್ಲಿ ಉತ್ತರ ಬಹುಶಃ ಗೂಗಲ್ ಪುಟದಲ್ಲೇ ಮುಗಿಯುತ್ತಿದೆ. ಎಐ ಓವರ್‌ವ್ಯೂ ಲೆಕ್ಕ ಸಾಮಾನ್ಯ ವೆಬ್ ಲೆಕ್ಕದೊಳಗೇ ಸೇರಿ ಬರುತ್ತದೆ, ಕ್ಲಿಕ್ ಇಳಿದದ್ದನ್ನೇ ನೋಡಿ ಪುಟ ಕೆಟ್ಟಿತೆಂದು ಅಳಿಸಬೇಡಿ. ಅದೇ ಅವಧಿಯಲ್ಲಿ ಬಿಸಿನೆಸ್ ಪ್ರೊಫೈಲ್ ತೋರಿಸುವ ಕರೆಗಳು, ದಾರಿ ಕೇಳಿದವರ ಸಂಖ್ಯೆ ಏರಿದ್ದರೆ ವ್ಯಾಪಾರ ನಡೆಯುತ್ತಿದೆ ಎಂದೇ ಅರ್ಥ.

ಸರಾಸರಿ ಸ್ಥಾನ 8ರಿಂದ 20ರ ನಡುವೆ ಇದ್ದು ಇಂಪ್ರೆಷನ್ ಚೆನ್ನಾಗಿರುವ ಪುಟಗಳನ್ನು ಮೊದಲು ತಿದ್ದಿ. ಹೊಸ ಪುಟ ಬರೆಯುವುದಕ್ಕಿಂತ ಅಲ್ಲಿ ಬೇಗ ಫಲ ಸಿಗುತ್ತದೆ. ಜೊತೆಗೆ ಗಿರಾಕಿಗಳು ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಂಡು ತಿಂಗಳಿಗೊಮ್ಮೆ ಚಾಟ್‌ಜಿಪಿಟಿ, ಜೆಮಿನೈ ಎರಡಕ್ಕೂ ಕೇಳಿ. ಯಾರ ಲಿಂಕ್ ಕೊಟ್ಟಿತು, ನಿಮ್ಮ ಬಗ್ಗೆ ಏನಾದರೂ ತಪ್ಪು ಹೇಳಿತೇ ಎಂದು ಬರೆದಿಡಿ. ಉತ್ತರ ಪ್ರತಿ ಸಲ ಬದಲಾಗುವುದರಿಂದ ಪ್ರತಿ ಪ್ರಶ್ನೆಯನ್ನು ಹೊಸ ಚಾಟ್ ತೆರೆದು ಮೂರು ಸಲ ಕೇಳಬೇಕು. ಹಳೆ ಫೋನ್ ನಂಬರ್, ಬಿಟ್ಟ ವಿಳಾಸ ಬರುತ್ತಿದ್ದರೆ ಅದು ಇನ್ನೂ ಯಾವ ಡೈರೆಕ್ಟರಿಯಲ್ಲಿ ಉಳಿದಿದೆ ಎಂದು ಹುಡುಕಿ, ಅಲ್ಲಿ ತಿದ್ದಿಸಿ, ಮುಂದಿನ ತಿಂಗಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ.