ಪೋಷಕರ ಸಭೆಗೆ ಪೋಷಕರು ಬರಬೇಕಾದರೆ ಏನು ಮಾಡಬೇಕು?

ಸರ್ಕಾರಿ ಶಾಲೆಯ ಪೋಷಕರ ಸಭೆ ಅಂದರೆ ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ, ಶಾಲೆ ನಡೆಯುವಾಗಲೇ. ಆ ಹೊತ್ತಿಗೆ ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ ಮೆಷಿನ್ ಮುಂದೆ, ಗಾರೆ ಕೆಲಸದ ಅಪ್ಪ ಸೈಟಿನಲ್ಲಿ. ಬಂದರೆ ಕೂಲಿ ಹೋಯಿತು. ಆಮೇಲೆ ‘ಈ ಏರಿಯಾದವರಿಗೆ ಮಕ್ಕಳ ಓದಿನ ಚಿಂತೆಯೇ ಇಲ್ಲ’ ಅಂತ ಮಾತು ಬೇರೆ!

ಹಾಗಾಗಿ ಮೊದಲು ಸಭೆಯ ಹೊತ್ತು ಬದಲಿಸಿ. ಭಾನುವಾರ ಇಡಿ, ಇಲ್ಲವೇ ಸಂಜೆ ಅಡುಗೆ ಮುಗಿದ ಮೇಲೆ. ಶಾಲೆಯಲ್ಲೇ ಆಗಬೇಕೆಂದೇನಿಲ್ಲ, ಅಂಗನವಾಡಿಯೋ ಸಮುದಾಯ ಭವನವೋ ಸಾಕು. ಚೀಟಿ ಕಳಿಸಿ ಸುಮ್ನೆ ಕೂರಬೇಡಿ, ಸ್ತ್ರೀಶಕ್ತಿ ಸಂಘದವರಿಗೆ ಹೇಳಿ ಮನೆಮನೆಗೆ ಕರೆ ಹೋಗಲಿ.

ಬಂದವರ ಮುಂದೆ ಹಾಜರಿ ಪುಸ್ತಕ ಬಿಚ್ಚಿ. ಯಾವ ಮಗು ಜಾಸ್ತಿ ತಪ್ಪಿಸುತ್ತಿದೆ, ಯಾಕೆ? ಟೀಚರ್‌ಗೆ ಗೊತ್ತಿಲ್ಲದ್ದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಒಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿದ್ದಾಳೆ: ಅವನಿಗೆ ಮೂರು ತುಂಬಿದ್ದರೆ ಅಂಗನವಾಡಿಗೆ ಸೇರಿಸಿ, ಅವಳು ಶಾಲೆಗೆ ಬರಲಿ (ಇನ್ನೂ ಚಿಕ್ಕವನಾದರೆ ಕಷ್ಟವೇ, ಬೀದಿಯವರೇ ಏನಾದರೂ ದಾರಿ ಹುಡುಕಬೇಕು). ಇನ್ನೊಬ್ಬ ರಾಯಚೂರು ಕಡೆಯಿಂದ ಅಪ್ಪ-ಅಮ್ಮನ ಜೊತೆ ಕಟ್ಟಡದ ಕೆಲಸಕ್ಕೆ ಬಂದವನು, ಟಿ.ಸಿ. ಇಲ್ಲ ಅಂತ ಶಾಲೆಗೇ ಸೇರಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ: ಎಂಟನೇ ತರಗತಿವರೆಗೆ ಟಿ.ಸಿ. ತಡವಾಯಿತು ಅಂತಲೋ, ವಯಸ್ಸಿನ ದಾಖಲೆ ಇಲ್ಲ ಅಂತಲೋ ಸೇರಿಸಿಕೊಳ್ಳದೆ ಇರುವಂತಿಲ್ಲ. ಓದು ಅರ್ಧಕ್ಕೆ ನಿಂತಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ವಿಶೇಷ ತರಬೇತಿ ಕೊಡಬೇಕು. ಇದನ್ನು ಆ ಅಪ್ಪನಿಗೆ ಹೇಳಿದರೆ ಸಾಲದು, ಯಾರಾದರೂ ಜೊತೆಗೆ ಹೋಗಿ ಹೆಡ್‌ಮಾಸ್ಟರ್ ಮುಂದೆ ಕೂತು ಸೇರಿಸಿ ಬರಬೇಕು.

ಇನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ ಇದು 2001ರಿಂದಲೇ ಇದೆ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು, ಅನುದಾನದ ಖರ್ಚು ನೋಡುವುದು ಇವರ ಕೆಲಸ. ಆಗಸ್ಟ್ 15ಕ್ಕೆ ಬಂದು ಫೋಟೋಗೆ ನಿಲ್ಲುವುದಷ್ಟೇ ಅಲ್ಲ ಅಲ್ವಾ? ಸದಸ್ಯರ ಮನೆಗೆ ಸಭೆಯ ನಡಾವಳಿ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದ್ದರೆ ಮೊದಲು ನಿಲ್ಲಿಸಿ, ಲೆಕ್ಕವನ್ನು ಸಭೆಯಲ್ಲಿ ಜೋರಾಗಿ ಓದಿ.

ಸಂಜೆ ಓದೋಕೆ ಜಾಗವೂ ಬೇಕು. ಒಂದೇ ಕೋಣೆಯ ಮನೆ, ಸಾಲದ್ದಕ್ಕೆ ಟಿವಿ. ಅದೇ ಬೀದಿಯ ಪಿಯುಸಿ ಹುಡುಗಿಯೊಬ್ಬಳು ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಬಹುದು, ಆದರೆ ಪುಕ್ಕಟೆ ಮಾಡಿಸಬೇಡಿ.

ದಾನಿಗಳು ಬಂದರೆ ಬ್ಯಾಗು ಬೇಡ ಅನ್ನಿ. ಶೌಚಾಲಯಕ್ಕೆ ನೀರಿಲ್ಲದಿದ್ದರೆ ಮೋಟಾರ್ ಕೇಳಿ.