ಪಡಸಾಲೆಯ ಕತ್ತಲಲ್ಲಿ ಅನುಬಿಯಾಸ್ ಹೂ ಬಿಟ್ಟಿತು

2024ರ ಫೆಬ್ರವರಿಯಲ್ಲಿ ನಮ್ಮ ಮೀನಿನ ಟ್ಯಾಂಕಿನ ‘ಅನುಬಿಯಾಸ್ ನಾನಾ’ ಅನ್ನುವ ನೀರಿನ ಗಿಡ ಹೂ ಬಿಟ್ಟಿತು. ಅದೂ ನೀರಿನೊಳಗೇ. ಕೆಸುವಿನ ಹೂವನ್ನು ಹೆಬ್ಬೆರಳಿನಷ್ಟು ಸಣ್ಣದು ಮಾಡಿದರೆ ಹೇಗಿರುತ್ತದೋ ಹಾಗಿತ್ತು. ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸಿದೆ. ಅವರಲ್ಲಿ ಮೂವರು ‘ಅಲ್ಲಿ ಏನೂ ಬರಂಗಿಲ್ಲ’ ಅಂದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದ ಹಳೆಯ ಮಾಳಿಗೆ ಮನೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣು. ಪಡಸಾಲೆಗೆ ಓಣಿಯ ಕಡೆ ಒಂದು ಸಣ್ಣ ಕಿಟಕಿ, ನಡುವೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹಗಲು ಹನ್ನೊಂದಕ್ಕೂ ಪೇಪರ್ ಓದಬೇಕೆಂದರೆ ಲೈಟ್ ಹಾಕಬೇಕು. ಇಲ್ಲಿ ಗಿಡದ ಟ್ಯಾಂಕ್ ಮಾಡುತ್ತೇನೆ ಅಂದಾಗ ಸೋಲಾಪುರದ ಅಂಗಡಿಯವರು ನಕ್ಕರು. "ಪ್ಲಾಸ್ಟಿಕ್ ಗಿಡಾ ಒಯ್ರೀ ಸರ, ತೊಳದ ಹಾಕಿದ್ರ ಹತ್ತ ವರ್ಷ ಬರ್ತಾವ" ಅಂದರು. ನನ್ನ ತಮ್ಮ ಇನ್ನೂ ಮುಂದೆ ಹೋಗಿ, ನೆಲಮಾಳಿಗೆಯಲ್ಲಿ ಜೋಳ ಬಿತ್ತಿದ ಹಾಗೆ ಅಂದ.

ಶುರು ಮಾಡಿದ್ದು 2019ರಲ್ಲಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರ, ಒಂದೂಕಾಲು ಅಡಿ ಅಗಲದ ಟ್ಯಾಂಕ್. 150 ಲೀಟರ್ ಚಿಲ್ಲರೆ ನೀರು ಹಿಡಿಯುತ್ತದೆ. ಎಲ್ಲರ ಸಲಹೆ ಒಂದೇ ಇತ್ತು: ಮನೆಯಲ್ಲಿ ಬೆಳಕಿಲ್ಲ, ಆದ್ದರಿಂದ ಲೈಟ್ ಜೋರಾಗಿರಲಿ. ನಾನೂ 3,600 ರೂಪಾಯಿ ಕೊಟ್ಟು ಹೊಳೆಯುವ ಲೈಟ್ ತಂದೆ. ದಿನಕ್ಕೆ ಹತ್ತು ತಾಸು ಉರಿಸಿದೆ. ಬೆಳಕು ಬೇಡುವ ಗಿಡಗಳನ್ನೇ ನೆಟ್ಟೆ: ರೊಟಾಲಾ, ಕಬೊಂಬಾ, ನೆಲಕ್ಕೆ ಮಾಂಟೆ ಕಾರ್ಲೊ. ಮೂರು ವಾರ ಮದುವೆ ಮಂಟಪದ ಹಾಗಿತ್ತು. ನಾಲ್ಕನೇ ವಾರ ಪಾಚಿ ಬಂತು. ಆರನೇ ವಾರಕ್ಕೆ ಗಿಡ ಯಾವುದು, ಪಾಚಿ ಯಾವುದು ಗೊತ್ತಾಗದ ಸ್ಥಿತಿ.

ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಸರಿಹೋಗುತ್ತದೆ ಅಂದರು. ಸಿಲಿಂಡರಿಗೆ ಕೈಯಲ್ಲಿ ದುಡ್ಡಿರಲಿಲ್ಲ. ಗ್ಯಾಸ್ ಬರಲಿ ಅಂತ ಈಸ್ಟ್ ಮತ್ತು ಸಕ್ಕರೆಯ ಬಾಟಲಿ ಎಲ್ಲರೂ ಮಾಡುತ್ತಾರೆ. ನಾನು ಜಾಣ, ಮಹಾಲಿಂಗಪುರದ ಬೆಲ್ಲ ಹಾಕಿದೆ. ಗುಳ್ಳೆ ಏನೋ ಚೆನ್ನಾಗಿಯೇ ಬಂತು. ಎರಡನೇ ರಾತ್ರಿ ನೊರೆ ಉಕ್ಕಿ ಪೈಪಿನ ಮೂಲಕ ಟ್ಯಾಂಕಿಗೇ ಇಳಿಯಿತು. ಬೆಳಿಗ್ಗೆ ನೀರು ಹಾಲಿನ ಹಾಗೆ, ಪಡಸಾಲೆ ತುಂಬ ಹೆಂಡದ ವಾಸನೆ. ಆರು ಗಪ್ಪಿ ಸತ್ತವು. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಲಿಕ್ವಿಡ್ ಕಾರ್ಬನ್, ಗ್ಯಾಸಿನ ಬದಲು ನೀರಿಗೆ ಹಾಕುವ ದ್ರವ. 450 ರೂಪಾಯಿ ಬಾಟಲಿ. ಪಾಚಿ ಸ್ವಲ್ಪ ಕಡಿಮೆ ಆಯಿತು ನಿಜ, ಆದರೆ ಚೆನ್ನಾಗಿ ಹಬ್ಬಿದ್ದ ವ್ಯಾಲಿಸ್ನೇರಿಯಾ ಮೂರೇ ದಿನದಲ್ಲಿ ಬೇಯಿಸಿದ ಸೊಪ್ಪಿನ ಹಾಗಾಯಿತು. ವ್ಯಾಲ್‌ಗೆ ಅದು ಆಗಿಬರುವುದಿಲ್ಲ ಅಂತ ಅಂಗಡಿಯವರು ಮಾರುವಾಗ ಹೇಳಬೇಕಿತ್ತು, ಅಲ್ವಾ?

ಎರೆ ಮಣ್ಣಿನ, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣಿನ, ಕತೆಯನ್ನೂ ಹೇಳಿಬಿಡುತ್ತೇನೆ. ಡೋಣಿ ಹೊಳೆಯ ದಂಡೆಯ ಎರೆ ಜೋಳಕ್ಕೆ ಬಂಗಾರ, ಗಿಡಕ್ಕೆ ಯಾಕಾಗಬಾರದು ಅಂತ ಎರಡು ಇಂಚು ತಳಕ್ಕೆ ಹಾಕಿ ಮೇಲೆ ಮರಳು ಹರಡಿದೆ. ಎರೆ ನೀರು ಕುಡಿದು ಉಬ್ಬುತ್ತದೆ ಅನ್ನುವುದು ನಮ್ಮ ಕಡೆ ಸಣ್ಣ ಹುಡುಗನಿಗೂ ಗೊತ್ತು. ನನಗೆ ಆಗ ನೆನಪಾಗಲಿಲ್ಲ. ಮರಳು ಸೀಳಿಕೊಂಡು ಮಣ್ಣು ಮೇಲೆ ಬಂತು. ಹದಿನೈದು ದಿನವಾದರೂ ನೀರು ತಿಳಿಯಾಗಲಿಲ್ಲ. ಕಡ್ಡಿ ಚುಚ್ಚಿದರೆ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ. ಎಲ್ಲ ಬಳಿದು ಹಿತ್ತಲಿನ ಕರಿಬೇವಿಗೆ ಹಾಕಿದೆ. ಕರಿಬೇವು ಮಾತ್ರ ಭರ್ಜರಿ ಬಂತು. ಅಲ್ಲಿಗೆ, ಟ್ಯಾಂಕಿನ ಬೆಲೆ ಬಿಟ್ಟು, ಹನ್ನೆರಡು ಹದಿಮೂರು ಸಾವಿರ ಹೋಗಿತ್ತು.

ದಾರಿ ಸಿಕ್ಕಿದ್ದು ನನ್ನ ಬುದ್ಧಿಯಿಂದಲ್ಲ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಅದೇ ವಾರ ಆ ದುಬಾರಿ ಲೈಟಿನ ಡ್ರೈವರ್ (ಅದಕ್ಕೆ ಕರೆಂಟ್ ಕೊಡುವ ಭಾಗ) ಸುಟ್ಟಿತು. ಅಂಗಡಿ ಎಲ್ಲ ಬಂದ್. ಅಡುಗೆಮನೆಯ 9 ವಾಟ್ ಬಲ್ಬನ್ನು ಹೋಲ್ಡರ್‌ಗೆ ಸಿಕ್ಕಿಸಿ ಟ್ಯಾಂಕಿನ ಮೇಲೆ ತೂಗುಹಾಕಿದೆ. ಗೊಬ್ಬರ ಇಲ್ಲ, ಕಾರ್ಬನ್ ಇಲ್ಲ. ಎರಡು ತಿಂಗಳಲ್ಲಿ ರೊಟಾಲಾ, ಕಬೊಂಬಾ ಎಲ್ಲ ಸತ್ತವು. ಪಾಚಿಯೂ ಸತ್ತಿತು! ಉಳಿದದ್ದು ಮೂರು: ಮೂಲೆಯಲ್ಲಿ ಮರೆತು ಬಿಟ್ಟಿದ್ದ ಅನುಬಿಯಾಸ್, ಒಂದು ಹಿಡಿ ಜಾವಾ ಫರ್ನ್, ಕಂದು ಎಲೆಯ ಒಂದು ಕ್ರಿಪ್ಟ್ (ಕ್ರಿಪ್ಟೊಕೊರೈನ್ ಗಿಡ). ಉಳಿದದ್ದಷ್ಟೇ ಅಲ್ಲ, ಅನುಬಿಯಾಸ್ ಎರಡು ಹೊಸ ಎಲೆ ಹಾಕಿತ್ತು. ಒಂದು ವರ್ಷ ನಾನು ತಪ್ಪು ಕಡೆಯಿಂದ ಜಗ್ಗಾಡಿದ್ದೆ. ಮನೆಗೆ ತಕ್ಕ ಗಿಡ ತರುವುದನ್ನು ಬಿಟ್ಟು, ಗಿಡಕ್ಕೆ ತಕ್ಕ ಹಾಗೆ ಮನೆಯನ್ನು ಬದಲಿಸಲು ಹೊರಟಿದ್ದೆ.

ಆಮೇಲೆ ಕೊಂಡದ್ದು 280 ರೂಪಾಯಿಯ 20 ವಾಟ್ ಎಲ್‌ಇಡಿ ಬ್ಯಾಟನ್, ಮನೆಗೆ ಹಾಕುವಂಥದ್ದೇ, 6500 ಕೆಲ್ವಿನ್‌ನ ಬಿಳಿ ಬೆಳಕಿನದು. ನೀರಿನಿಂದ ಸುಮಾರು ಒಂದಡಿ ಮೇಲೆ ಕಟ್ಟಿದೆ. ದಿನಕ್ಕೆ ಆರು ತಾಸು ಅಷ್ಟೇ. ಏಳು ಮಾಡಿ ನೋಡಿದೆ, ಎರಡು ವಾರಕ್ಕೆ ಅನುಬಿಯಾಸ್ ಎಲೆಯ ಮೇಲೆ ಹಸಿರು ಚುಕ್ಕೆ. ಮತ್ತೆ ಆರಕ್ಕೆ ಬಂದೆ.

ಟೈಮರ್ ವಿಷಯದಲ್ಲಿ ಹುಷಾರಾಗಿರಿ. ತಿರುಗುವ ಮುಳ್ಳಿನ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ನಮ್ಮ ಕಡೆ ದಿನಕ್ಕೆ ಒಂದು ತಾಸು ಕರೆಂಟ್ ಹೋಯಿತೆಂದರೂ ವಾರಕ್ಕೆ ಏಳು ತಾಸು ಹಿಂದೆ ಬೀಳುತ್ತದೆ. ನನಗೆ ಇದು ಹೊಳೆಯಲೇ ಇಲ್ಲ. ಒಂದು ದಿನ ಅವ್ವ ಕೇಳಿದಳು, "ರಾತ್ರಿ ಎರಡಕ್ಕ ಪಡಸಾಲ್ಯಾಗ ದೀಪ ಯಾರ್ ಹಚ್ಚಿದ್ರೋ?" ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ 650 ರೂಪಾಯಿಗೆ ಬಂತು.

ಇಷ್ಟೆಲ್ಲ ಸರಿಹೋದ ಮೇಲೆ ಮತ್ತೊಂದು ಪೆಟ್ಟು ಬಿತ್ತು. 2021ರ ದೀಪಾವಳಿಗೆ ಸುಣ್ಣ ಹೊಡೆಸುವಾಗ ಟ್ಯಾಂಕನ್ನು ಒಳಗಿನ ಗೋಡೆಯ ಹತ್ತಿರ ಸರಿಸಿದ್ದೆ. ಮುಂದಿನ ವರ್ಷ ಮೇನಲ್ಲಿ ಇದ್ದಕ್ಕಿದ್ದಂತೆ ಪಾಚಿ. ಎಲೆ ಮೇಲೆ ಚುಕ್ಕೆ, ಮಾಸ್ (ಹಾವಸೆಯಂಥ ಗಿಡ) ತುಂಬ ನೂಲಿನಂಥ ಪಾಚಿ. ಲೈಟ್ ಅದೇ, ನೀರು ಅದೇ. ಔಷಧಿ ಹಾಕಿದೆ, ಮೂರು ದಿನ ಕತ್ತಲಲ್ಲಿಟ್ಟೆ, ಮೀನಿನ ಕಾಳು ಅರ್ಧ ಮಾಡಿದೆ. ಜೂನ್‌ನಲ್ಲಿ ತಾನಾಗಿ ಕಡಿಮೆಯಾಯಿತು. ಔಷಧಿ ಗೆದ್ದಿತು ಅಂದುಕೊಂಡೆ. ಆಗಸ್ಟ್‌ನಲ್ಲಿ ಮತ್ತೆ ಬಂತು. ಒಟ್ಟು ಎರಡೂವರೆ ಸಾವಿರ ಔಷಧಿಗೇ ಹೋಯಿತು.

ಅವ್ವನೇ ಹೇಳಿದ್ದು. "ಬೆಳಕಿಂಡಿ ಬಿಸಲು ನಿನ್ನ ಮೀನಿನ ಡಬ್ಬಿ ಮ್ಯಾಲೇ ಬೀಳಾಕತ್ತೈತಲ್ಲೋ, ನೋಡಿಲ್ಲೇನು?" ನಾನು ಹೇಗೆ ನೋಡಲಿ, ಆ ಹೊತ್ತಿಗೆ ಆಫೀಸಿನಲ್ಲಿರುತ್ತೇನೆ. ಭಾನುವಾರ ಕಾದು ಕುಳಿತೆ. ಹನ್ನೆರಡು ದಾಟಿದ ಮೇಲೆ ಅಂಗೈ ಅಗಲದ ಬಿಸಿಲು ಟ್ಯಾಂಕಿನ ಒಂದು ತುದಿಯಿಂದ ಹತ್ತಿ, ಒಂದು ತಾಸು ನಿಧಾನಕ್ಕೆ ನಡೆದು ಇನ್ನೊಂದು ತುದಿಗೆ ಇಳಿಯಿತು. ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ. ನಮ್ಮೂರಲ್ಲಿ ಸೂರ್ಯ ನೇರ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ. ನಡುವೆ ಜೂನ್‌ನಲ್ಲಿ ಅವನು ಉತ್ತರಕ್ಕೆ ಸರಿದಾಗ ಬಿಸಿಲು ಟ್ಯಾಂಕ್ ಬಿಟ್ಟು ನೆಲಕ್ಕೆ ಬೀಳುತ್ತದೆ. ಬೆಳಕಿಂಡಿ ಮುಚ್ಚಲು ಅವ್ವ ಒಪ್ಪಲಿಲ್ಲ, ಅಡುಗೆಯ ಹೊಗೆ ಹೋಗಬೇಕಲ್ಲ. ಈಗ ಆ ಎರಡು ಹಂಗಾಮಿನಲ್ಲಿ ಊಟಕ್ಕೆ ಮುಂಚೆ ಅವಳೇ ಒಂದು ಹಳೆಯ ರಟ್ಟು ಟ್ಯಾಂಕಿನ ಮೇಲೆ ಇಡುತ್ತಾಳೆ. ಖರ್ಚು ಸೊನ್ನೆ.

ಗಿಡಗಳ ವಿಷಯಕ್ಕೆ ಬರುತ್ತೇನೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ನ ರೈಜೋಮ್ (ಬೇರು ಬಿಡುವ ಅಡ್ಡ ಕಾಂಡ) ಮರಳಲ್ಲಿ ಹೂಳಬಾರದು, ಕಲ್ಲಿಗೆ ಕಟ್ಟಬೇಕು. ಕಲ್ಲಿಗೆ ಕಟ್ಟಲು ನಾನು ನೈಲಾನ್ ಬಿಟ್ಟೆ. ಬನಹಟ್ಟಿಯಲ್ಲಿ ಮಗ್ಗ ಇರುವ ನಮ್ಮ ಬೀಗರು ಕೊಟ್ಟ ಹತ್ತಿ ನೂಲು ಬಳಸುತ್ತೇನೆ. ಎರಡು ಮೂರು ತಿಂಗಳಿಗೆ ನೂಲು ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಕಲ್ಲು ಮಾತ್ರ ನೋಡಿ ಆರಿಸಿ. ಮಾವನ ಊರು ಬಾಗಲಕೋಟೆಯಿಂದ ಚಂದದ ಬೂದು ಕಲ್ಲು ತಂದಿದ್ದೆ. ಆಸಿಡ್ ಹನಿ ಹಾಕಿದರೆ ಬುಸ್ಸೆಂದಿತು. ಸುಣ್ಣದ ಕಲ್ಲು. ಮೊದಲೇ ಗಡಸಾದ ನೀರಿಗೆ ಅದೊಂದು ಬೇರೆ ಬೇಕೇ? ಕಟ್ಟಡದ ಕೆಲಸದಲ್ಲಿ ಉಳಿದಿದ್ದ ಬಾದಾಮಿ ಕಡೆಯ ಕೆಂಪು ಮರಳುಗಲ್ಲು ಒಳ್ಳೆಯದು, ಮೈ ಒರಟು, ಬೇರು ಬೇಗ ಕಚ್ಚುತ್ತದೆ.

ಅನುಬಿಯಾಸ್ ನನ್ನಲ್ಲಿ ತಿಂಗಳಿಗೆ ಒಂದು ಎಲೆ ಹಾಕುತ್ತದೆ. ಒಮ್ಮೊಮ್ಮೆ ಅದೂ ಇಲ್ಲ. ಇದನ್ನು ಸಹಿಸಲು ಆಗದವರು ಬೇಗ ಬೆಳೆಯುವ ಹಾರ್ನ್‌ವರ್ಟ್ ಹಾಕಿಕೊಳ್ಳಲಿ. ಜಾವಾ ಫರ್ನ್‌ನ ಹಳೆಯ ಎಲೆಗೆ ಕಪ್ಪು ಚುಕ್ಕೆ ಬಂದರೆ ಕತ್ತರಿಸಬೇಡಿ, ಅದರ ತುದಿಯಲ್ಲೇ ಮರಿ ಬರುತ್ತವೆ. ಕ್ರಿಪ್ಟ್ ನೆಟ್ಟ ವಾರಕ್ಕೆ ಎಲೆ ಕರಗಿ ಹೋಗುತ್ತದೆ. ಗಾಬರಿಯಾಗಿ ಕಿತ್ತು ಇನ್ನೊಂದು ಕಡೆ ನೆಡುವವರೇ ಜಾಸ್ತಿ. ನಾನೇ ಎರಡು ಸಲ ಹಾಗೆ ಮಾಡಿ ಐದಾರು ನೂರು ಕಳೆದೆ. ಸುಮ್ನೆ ಬಿಟ್ಟರೆ ಆರು ವಾರಕ್ಕೆ ಬೇರಿನಿಂದ ಹೊಸ ಎಲೆ ಬರುತ್ತದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಆದ ಸ್ಪೈರಾಲಿಸ್ ಅನ್ನುವ ಕ್ರಿಪ್ಟ್ ಕೂಡ ಒಂದು ಗುಂಪು ಇದೆ, ಶ್ರೀಲಂಕಾದ ವೆಂಡ್ಟಿ ಅನ್ನುವ ಕ್ರಿಪ್ಟ್‌ಗಿಂತ ಚೆನ್ನಾಗಿ ನಿಂತಿದೆ. ಯಾರು ಕೊಟ್ಟರು ಅಂತ ಕೇಳಬೇಡಿ, ಮಾತು ಕೊಟ್ಟಿದ್ದೇನೆ. ವ್ಯಾಲ್‌ಗೆ ಗಡಸು ನೀರು ಅಂದರೆ ಹಬ್ಬ. ಇಷ್ಟು ಕಡಿಮೆ ಬೆಳಕಲ್ಲೂ ಬರುತ್ತದೆ, ಆದರೆ ಸೊರಗಿದ ಎಲೆ.

ಕಾಲುವೆಯಿಂದ ಹೈಡ್ರಿಲಾ ತಂದು ಹಾಕಿದ್ದೂ ಉಂಟು. ಪುಕ್ಕಟೆ ಅಂತ. ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಯೊಂದು ಬಂದು ಇಪ್ಪತ್ತು ಗಪ್ಪಿ ಮರಿಗಳನ್ನು ದಿನಕ್ಕೆ ಎರಡು ಮೂರರಂತೆ ತಿಂದು ಮುಗಿಸಿತು. ಈಗ ಹೊರಗಿನ ಯಾವ ಗಿಡವನ್ನೂ ಪಟಿಕದ ನೀರಲ್ಲಿ ನೆನೆಸಿ, ಒಂದು ವಾರ ಬಕೆಟ್‌ನಲ್ಲಿಟ್ಟು ನೋಡದೆ ಒಳಗೆ ಬಿಡುವುದಿಲ್ಲ.

ನೀರು. ನಮ್ಮ ಬೋರ್ ನೀರಿನ ಟಿಡಿಎಸ್ (ಕರಗಿರುವ ಉಪ್ಪು, ಖನಿಜದ ಅಳತೆ) 1,100ರ ಮೇಲೆ. ಓಣಿಯ ಶುದ್ಧ ನೀರಿನ ಘಟಕದಿಂದ ವಾರಕ್ಕೆ ಎರಡು ಕ್ಯಾನ್ ತಂದು ಬೆರೆಸುತ್ತೇನೆ, ಮೀಟರಿನಲ್ಲಿ ನಾನೂರರಿಂದ ಐನೂರರ ಒಳಗೆ ಇರಲಿ ಅಂತ. ಆರಿ ಹೋದ ನೀರಿನ ಬದಲಿಗೆ ಬೋರ್ ನೀರು ಹಾಕುವುದು ಎಲ್ಲರೂ ಮಾಡುವ ತಪ್ಪು. ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಎಲೆ ಮೇಲೆ ಬಿಳಿ ಪುಡಿ ಕಟ್ಟಿದರೆ ಅದೇ ಕಾರಣ.

ಬಿಸಿಯ ವಿಷಯದಲ್ಲಿ ಮಾತ್ರ ಮಾಳಿಗೆ ಮನೆ ನನ್ನ ಕೈ ಹಿಡಿಯಿತು. ಹೊರಗೆ 42 ಡಿಗ್ರಿ ಇದ್ದಾಗ ನನ್ನ ಟ್ಯಾಂಕಿನ ನೀರು 30 ದಾಟುವುದಿಲ್ಲ. ಕಂಪ್ಯೂಟರಿನ ಹಳೆಯ ಫ್ಯಾನ್ ಒಂದನ್ನು ನೀರಿನ ಮೇಲೆ ಹಾಯಿಸಿದರೆ ಇನ್ನೆರಡು ಡಿಗ್ರಿ ಇಳಿಯುತ್ತದೆ, ನಮ್ಮ ಒಣ ಗಾಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಲ್ಯಾಬ್ ಮನೆಯ ಗೆಳೆಯನ ಟ್ಯಾಂಕ್, ಬೆಳಕು ಧಾರಾಳ ಇದ್ದದ್ದು, ಅಂಥದೇ ಬಿಸಿಲಲ್ಲಿ 34ಕ್ಕೆ ಹೋಗಿ ಎಲ್ಲ ಕೊಳೆಯಿತು.

ಗೊಬ್ಬರಕ್ಕೆ ಕೊನೆಗೂ ಎರೆ ಮಣ್ಣೇ ಬಂತು ನೋಡಿ. ಕಡಲೆ ಗಾತ್ರದ ಗುಳಿಗೆ ಮಾಡಿ, ಮಾಳಿಗೆ ಮೇಲೆ ಬಿಸಿಲಿಗೆ ಒಣಗಿಸಿ, ಮೂರು ತಿಂಗಳಿಗೊಮ್ಮೆ ಕ್ರಿಪ್ಟ್‌ನ ಬುಡಕ್ಕೆ ಒಂದೊಂದು ಒತ್ತುತ್ತೇನೆ. ಒಳಗೆ ಏನು ಸೇರಿಸುತ್ತೇನೆ ಅನ್ನುವುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಯೂರಿಯಾ ಅಲ್ಲ, ಡಿಎಪಿ ಅಲ್ಲ. ಡಿಎಪಿ ಹಾಕಿದ ವಾರ ಹನ್ನೊಂದು ಮೀನು ಸತ್ತವು.

ಲೆಕ್ಕ ಹೀಗಿದೆ. ಬ್ಯಾಟನ್, ಟೈಮರ್, ಐದು ಅನುಬಿಯಾಸ್, ನಾಲ್ಕು ಫರ್ನ್, ಆರು ಕ್ರಿಪ್ಟ್, ಎಲ್ಲ ಸೇರಿ ಮೂರು ಸಾವಿರದ ಒಳಗೆ ಮುಗಿದಿದೆ. ಕಲಿಯುವುದಕ್ಕೆ ಹೋದದ್ದು ಹದಿನೈದು ಸಾವಿರ. ಐದು ಅನುಬಿಯಾಸ್ ಈಗ ಮೂವತ್ತರ ಮೇಲಾಗಿವೆ. ಫರ್ನ್ ಎಣಿಸುವುದನ್ನು ಬಿಟ್ಟಿದ್ದೇನೆ.

ಪ್ಲಾಸ್ಟಿಕ್ ಗಿಡ ಒಯ್ಯಿರಿ ಅಂದಿದ್ದ ಸೋಲಾಪುರದ ಅಂಗಡಿಯವರು ಹೂವಿನ ಫೋಟೋ ನೋಡಿ ಫೋನ್ ಮಾಡಿದರು. ಈಗ ಎರಡು ತಿಂಗಳಿಗೊಮ್ಮೆ ಹದಿನೈದು ಇಪ್ಪತ್ತು ಫರ್ನ್ ಮರಿಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತೇನೆ. ನನಗೆ ಒಂದಕ್ಕೆ 40 ರೂಪಾಯಿ ಕೊಡುತ್ತಾರೆ, ತಾವು 120ಕ್ಕೆ ಮಾರುತ್ತಾರೆ. ಹೋದ ಸಲ ಅನುಬಿಯಾಸ್ ಕೇಳಿದರು. ಹೂ ಬಿಟ್ಟ ಗಿಡ ಬಿಟ್ಟು ಬೇರೆ ಯಾವುದನ್ನಾದರೂ ಒಯ್ಯಿರಿ ಅಂದೆ.